ಮನೆ ಮಾರುವ ಮಾತು ಈಗ ಬೇಡ

ಕೋಬೆ, ಜಪಾನ್, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ, ಅಜ್ಜಿಗೂ ತಿಳಿಸಿ.

ನಿಮ್ಮ ಪತ್ರ ಬುಧವಾರ ಸಿಕ್ಕಿತು. ನಡುಮನೆಯ ಕಂಬಕ್ಕೆ ಗೆದ್ದಲು ಹಿಡಿದಿದೆ, ಮನೆ ಕೊಟ್ಟುಬಿಡೋಣ ಅಂತ ಬರೆದಿದ್ದೀರಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾರ ಹತ್ತಿರವೂ ಮುಂಗಡ ಮಾತ್ರ ತಗೋಬೇಡಿ.

ನಿನ್ನೆ ಹಿಮೆಜಿ ಕೋಟೆಗೆ ಹೋಗಿದ್ದೆ. ಅಲ್ಲೂ ಮನೆಯದೇ ಯೋಚನೆ. ಅದೂ ಮರ, ಮಣ್ಣು, ಹೆಂಚಿನದೇ. ಹೆಂಚಿನ ಸಂದಿಗೂ ಸುಣ್ಣದ ಗಾರೆ ಬಳಿದು ಬೆಳ್ಳಗೆ ಕಾಣುತ್ತದೆ, ಅದಕ್ಕೇ ಬೆಳ್ಳಕ್ಕಿ ಕೋಟೆ ಅಂತ ಹೆಸರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಬೇಕು. ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟೇ ಕಡಿದು.

1333ರಲ್ಲಿ ಅಕಾಮತ್ಸು ಮನೆತನದವರು ಗುಡ್ಡದ ಮೇಲೆ ಸಣ್ಣ ಕೋಟೆ ಕಟ್ಟಿದರಂತೆ. 1580ರಲ್ಲಿ ಹಿದೆಯೋಶಿ ಎಂಬ ಸೇನಾಪತಿಯ ಕೈಗೆ ಬಂತು. ಅವನಿಗೆ ಕಲ್ಲು ಸಾಲದೆ ಹೋದಾಗ ಬಡ ಮುದುಕಿಯೊಬ್ಬಳು ತನ್ನ ಬೀಸುಕಲ್ಲನ್ನೇ ಕೊಟ್ಟಳು ಅಂತ ಕಥೆ ಇದೆ. ಆ ಕಲ್ಲನ್ನು ಗೋಡೆಯಲ್ಲಿ ಇವತ್ತಿಗೂ ತೋರಿಸುತ್ತಾರೆ. ಅಜ್ಜಿಗೆ ಇದನ್ನು ಓದಿ ಹೇಳಿ. ಈಗಿನ ದೊಡ್ಡ ಗೋಪುರ ಇಕೆದ ತೆರುಮಸ ಎಂಬ ದೊರೆ ಕಟ್ಟಿಸಿದ್ದು, 1609ರಲ್ಲಿ ಮುಗಿಯಿತು. ಆಮೇಲೆ ಹೊಂಡ, 1749ರಿಂದ ಸಕೈ, ಹೀಗೆ ಎಷ್ಟೋ ಮನೆತನ. ಅವರವರ ಗುರುತು ಹೆಂಚಿನ ತುದಿಯಲ್ಲಿದೆ. ಇಕೆದ ಮನೆತನದ್ದು ಚಿಟ್ಟೆ.

1871ರಲ್ಲಿ ದೊರೆತನ ಹೋಯಿತು. ಆಗ ಇಷ್ಟು ದೊಡ್ಡ ಕೋಟೆಯನ್ನು ಹರಾಜಿನಲ್ಲಿ 23 ಯೆನ್ 50 ಸೆನ್‌ಗೆ (ಅಂದರೆ ಇಪ್ಪತ್ತಮೂರೂವರೆ ಯೆನ್‌ಗೆ) ಕೊಟ್ಟರಂತೆ! ಕೆಡವುವ ಖರ್ಚೇ ಜಾಸ್ತಿ ಅಂತ ಕೊಂಡವನು ಹಾಗೇ ಬಿಟ್ಟ. ಕೇಳಿ ಹೊಟ್ಟೆ ಉರಿಯಿತು.

ಅಪ್ಪ, ಕಂಬದ ವಿಷಯ ಕೇಳಿ. ಗೋಪುರವನ್ನು ಹೊತ್ತಿರುವುದು ಎರಡು ಕಂಬ, ಒಂದೊಂದೂ ಸುಮಾರು 25 ಮೀಟರ್. 1956ರಿಂದ 1964ರವರೆಗೆ ಇಡೀ ಗೋಪುರ ಬಿಚ್ಚಿ ರಿಪೇರಿ ಮಾಡಿದರು. ಪಶ್ಚಿಮದ ಕಂಬ ಪೂರ್ತಿ ಲಡ್ಡಾಗಿತ್ತು. ಹೊಸದಕ್ಕೆ ತರುತ್ತಿದ್ದ ಮರ ದಾರಿಯಲ್ಲೇ ಮುರಿಯಿತಂತೆ, ಎರಡು ಮರ ಬೆಸೆದು ನಿಲ್ಲಿಸಿದರು. ಪೂರ್ವದ ಕಂಬಕ್ಕೆ ಬುಡ ಮಾತ್ರ ಬದಲಾಯಿಸಿದರು. ಮೇಲಿನದು ಹಳೆಯದೇ.

ನಮ್ಮದೂ ಬುಡ ಮಾತ್ರ ತಾನೇ ಹೋಗಿರೋದು? ಆಚಾರಿಯನ್ನು ಕರೆಸಿ ಮೇಲೆಲ್ಲ ಕುಟ್ಟಿ ನೋಡಿಸಿ. ತೊಲೆಗೆ ಆಸರೆ ಕೊಟ್ಟು, ಬುಡ ಕತ್ತರಿಸಿ, ಒಳ್ಳೆಯ ಹಲಸಿನ ತುಂಡು ಕೂರಿಸಬಹುದು ಅಲ್ವಾ? ದುಡ್ಡಿನ ಚಿಂತೆ ಖಂಡಿತ ಬೇಡ. 25ಕ್ಕೆ ಸಂಬಳ ಬರುತ್ತೆ, ಅವತ್ತೇ ಕಳಿಸುತ್ತೇನೆ. ನನಗೆ ಇಲ್ಲಿ ಏನೂ ಕಡಿಮೆಯಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗಿದೆ ಅಂತ ಅಮ್ಮನಿಗೂ ಹೇಳಿ.

ಬೆಳಿಗ್ಗೆ ಬೇಗ ಕೆಲಸ ಇದೆ, ನಿಲ್ಲಿಸುತ್ತೇನೆ. ಆಚಾರಿ ಏನಂದರು ಅಂತ ತಕ್ಷಣ ಬರೆಯಿರಿ.

ನಿಮ್ಮ ಮಗ,
ರವಿ