ಸಂಜೆಯ ಓದಿನ ಕೋಣೆಗೆ ನೆರವು ಕೋರಿ: ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲಾ ಮಕ್ಕಳ ಪರವಾಗಿ ಒಂದು ಮನವಿ

ಮಾನ್ಯರೇ,

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಇರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ, ಈಗ ಬೇರೆ ಬೇರೆ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಟ್ರಸ್ಟ್ ನಮ್ಮದು. ಅದೇ ಶಾಲೆಯ ಹಿಂಬದಿಯ ಕೊಠಡಿಯಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು, ಎಂಟರಿಂದ ಹತ್ತನೆಯ ತರಗತಿಯವರೆಗಿನ 40 ಮಕ್ಕಳಿಗಾಗಿ ಸಂಜೆಯ ಓದಿನ ಕೋಣೆಯೊಂದನ್ನು ನಡೆಸುತ್ತಿದ್ದೇವೆ. ಮುಂಬರುವ ಶೈಕ್ಷಣಿಕ ವರ್ಷದ ಖರ್ಚನ್ನು ಹೊಂದಿಸಲು ತಮ್ಮ ನೆರವನ್ನು ಕೋರಿ ಈ ಪತ್ರ ಬರೆಯುತ್ತಿದ್ದೇವೆ.

ಈ ಮಕ್ಕಳಿಗೆ ಸರ್ಕಾರದಿಂದ ಏನೂ ಸಿಗುತ್ತಿಲ್ಲ ಎಂದು ಹೇಳಿ ದೇಣಿಗೆ ಕೇಳಿದರೆ ಅದು ಸುಳ್ಳಾಗುತ್ತದೆ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲವೂ ಬರುತ್ತಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ತಪ್ಪಿದೆ. ಶಿಕ್ಷಕರು ಶ್ರದ್ಧೆಯಿಂದ ಪಾಠ ಮಾಡುತ್ತಾರೆ. ಕೊರತೆ ಕಾಣುವುದು ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ. ಇಲ್ಲಿನ ಬಹುಪಾಲು ಮಕ್ಕಳು ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಂದ ಬರುವವರು. ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ಐದಾರು ಜನ, ಒಂದು ಬಲ್ಬು. ಮಳೆ ಹಿಡಿಯಿತೆಂದರೆ ಮರ ಬಿದ್ದು ತಂತಿ ತುಂಡಾಗಿ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಅಂಥ ಮನೆಯಲ್ಲಿ ಓದಿಕೋ ಎಂದು ಮಗುವಿಗೆ ಬುದ್ಧಿ ಹೇಳುವುದು ಸುಲಭ. ಆ ಮಗು ಪುಸ್ತಕ ಹಿಡಿದು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಕಷ್ಟ.

ಇದರ ಜೊತೆಗೆ ಕಾಫಿ ಕೊಯ್ಲಿನ ಕಾಲವೂ ಪರೀಕ್ಷೆಯ ಕಾಲವೂ ಇಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅರೇಬಿಕಾ ಹಣ್ಣು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ತಂದೆ ತಾಯಿ ಬೆಳಗ್ಗೆ ಬೇಗ ತೋಟಕ್ಕೆ ಹೊರಟರೆ, ಮನೆಯ ದೊಡ್ಡ ಮಗಳ ಪಾಲಿಗೆ ಅಡುಗೆ, ನೀರು, ತಮ್ಮ ತಂಗಿಯರ ಜವಾಬ್ದಾರಿ ಬೀಳುತ್ತದೆ. ರಜೆಯ ದಿನ ಹಣ್ಣು ಬಿಡಿಸಲು ತಾವೂ ಜೊತೆಗೆ ಹೋಗುವ ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿಯ ಅಂಕಗಳಲ್ಲಿ ಶೇಕಡ 80ರಷ್ಟು ಮಾರ್ಚ್ ತಿಂಗಳ ಲಿಖಿತ ಪರೀಕ್ಷೆಯನ್ನೇ ಅವಲಂಬಿಸಿರುವಾಗ, ಅದಕ್ಕೆ ಹಿಂದಿನ ಮೂರು ತಿಂಗಳು ಓದು ತಪ್ಪಿದರೆ ಆಗುವ ನಷ್ಟ ತಮಗೆ ತಿಳಿಯದ್ದಲ್ಲ. ತಾಯ್ತಂದೆಯರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚು ಸಿಗುವುದು ಅವರಿಗೆ ಆ ದಿನಗಳಲ್ಲಿ ಮಾತ್ರ.

ಹೀಗಾಗಿ ಶಾಲೆ ಬಿಟ್ಟ ಕೂಡಲೇ ಮಕ್ಕಳಿಗೆ ಉಪ್ಪಿಟ್ಟೋ ಅವಲಕ್ಕಿಯೋ ಕೊಟ್ಟು, ಏಳು ಗಂಟೆಯವರೆಗೆ ಅಲ್ಲಿಯೇ ಓದಿಸುವ ಏರ್ಪಾಡು ಮಾಡಿಕೊಂಡಿದ್ದೇವೆ. ಇದನ್ನು ಟ್ಯೂಷನ್ ಎಂದು ತಿಳಿಯಬಾರದು. ಇಲ್ಲಿ ಹೊಸ ಪಾಠ ನಡೆಯುವುದಿಲ್ಲ. ಪುಸ್ತಕ ಮುಚ್ಚಿಟ್ಟು ಅಂದಿನ ಪಾಠವನ್ನು ನೆನಪಿನಿಂದ ಬರೆಯುವುದು, ಅದೇ ಪ್ರಶ್ನೆಯನ್ನು ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ಎದುರಿಸುವುದು, ಇಷ್ಟೇ ಇಲ್ಲಿನ ಕ್ರಮ. ಇದು ನಮ್ಮ ಸ್ವಂತ ಕಲ್ಪನೆಯೇನಲ್ಲ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಸಂಶೋಧಕರು, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿಸಿಕೊಂಡು ಬರೆದವರಿಗೆ ಒಂದು ವಾರದ ಬಳಿಕ ಹೆಚ್ಚು ನೆನಪಿರುತ್ತದೆ ಎಂದು ತೋರಿಸಿದರು. ಗಟ್ಟಿಯಾಗಿ ಓದುತ್ತಾ ಕೂರುವುದೇ ಓದು ಎಂದುಕೊಂಡು ಬೆಳೆದ ನಮ್ಮಂಥವರಿಗೆ ಇದು ಆರಂಭದಲ್ಲಿ ಒಪ್ಪಿಗೆಯಾಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಕೋಣೆಯ ಇನ್ನೊಂದು ನಿಯಮವೇ ಈ ಪತ್ರದ ಮುಖ್ಯ ವಿಷಯ. ಇಲ್ಲಿ ಕಲಿತವರು ಕೆಳಗಿನ ತರಗತಿಯ ಒಬ್ಬರಿಗೆ ಕಲಿಸಬೇಕು. ಹತ್ತನೆಯವರು ಒಂಬತ್ತನೆಯವರಿಗೆ, ಒಂಬತ್ತನೆಯವರು ಎಂಟನೆಯವರಿಗೆ ವಾರಕ್ಕೆ ಎರಡು ಸಂಜೆ ಹೇಳಿಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಸಕಲೇಶಪುರದ ಪಿಯು ಕಾಲೇಜುಗಳಿಗೆ ಸೇರಿದವರು ಶನಿವಾರ ಬಂದು ಹತ್ತನೆಯವರ ಜೊತೆ ಕೂರುತ್ತಾರೆ. ಹಾಗೆ ಬಂದ ಹುಡುಗಿಯೊಬ್ಬಳು ಸಮಾಂತರ ಶ್ರೇಢಿಯ, ಅಂದರೆ ಒಂದೇ ಸಮನಾದ ಅಂತರವಿರುವ ಸಂಖ್ಯೆಗಳ ಸಾಲಿನ, ಲೆಕ್ಕ ಹೇಳಿಕೊಡುತ್ತಿದ್ದಾಗ, ಎನ್‌ನೆಯ ಸಂಖ್ಯೆಯನ್ನು ಕಂಡುಹಿಡಿಯುವ ಸೂತ್ರದಲ್ಲಿ ಎನ್ ಎಂದಿರದೆ ಎನ್ ಮೈನಸ್ ಒಂದು ಎಂದೇಕೆ ಇದೆ ಎಂದು ಹುಡುಗನೊಬ್ಬ ಕೇಳಿದ. ಅವಳು ಹಲಗೆಯ ಮೇಲೆ ಸಾಲಾಗಿ ಹತ್ತು ಕಾಫಿ ಗಿಡಗಳನ್ನು ಬರೆದು, ಮೊದಲ ಗಿಡದಿಂದ ಹತ್ತನೆಯ ಗಿಡಕ್ಕೆ ಹೋಗಲು ಎಷ್ಟು ಅಂತರ ದಾಟಬೇಕು ಎಂದು ಅವನಿಂದಲೇ ಎಣಿಸಿದಳು. ಒಂಬತ್ತು. ಹುಡುಗ ತಲೆಯಾಡಿಸಿ ಮುಂದಿನ ಲೆಕ್ಕಕ್ಕೆ ಹೋದ. ತಾನು ಸೂತ್ರವನ್ನು ಎರಡು ವರ್ಷ ಬರಿದೇ ಬಾಯಿಪಾಠ ಮಾಡಿದ್ದೆನೆಂದೂ, ಹೇಳಿಕೊಡಬೇಕಾಗಿ ಬಂದಾಗಲೇ ಅದು ತನಗೆ ಅರ್ಥವಾಯಿತೆಂದೂ ಆ ಹುಡುಗಿ ಆಮೇಲೆ ನಮ್ಮೊಡನೆ ಹೇಳಿದಳು.

ಕೃತಜ್ಞತೆಯನ್ನು ಮಕ್ಕಳಲ್ಲಿ ಬೆಳೆಸುವುದಕ್ಕೆ ಇದಕ್ಕಿಂತ ಬೇರೆ ದಾರಿ ನಮಗೆ ಗೊತ್ತಿಲ್ಲ. ನೋಟ್‌ಬುಕ್ ಹಂಚುವ ಸಮಾರಂಭದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾನಿಗಳ ಕಾಲಿಗೆ ನಮಸ್ಕಾರ ಮಾಡಿಸಿ, ಫೋಟೊ ತೆಗೆಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅದು ನಾಚಿಕೆಯನ್ನಲ್ಲದೆ ಬೇರೇನನ್ನೂ ಕಲಿಸುವುದಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಹಾಸನದಲ್ಲೋ ಮೈಸೂರಿನಲ್ಲೋ ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು, ಮಠಗಳ ಮತ್ತು ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಇದ್ದು ಓದಿದ ಹಿಂದಿನ ತಲೆಮಾರಿನವರಲ್ಲಿ ಅನೇಕರು, ಮುಂದೆ ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. ಉಣಬಡಿಸಿದ ಮನೆಗೆ ಆ ಋಣವನ್ನು ಹಿಂತಿರುಗಿಸಲು ಅವರಿಗೆ ಆಗುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಋಣ ಮುಂದಕ್ಕೆ ಸಂದಾಯವಾಗುತ್ತಿತ್ತು. ನಮ್ಮ ಮಕ್ಕಳಿಂದಲೂ ನಾವು ಕೇಳುವುದು ಅಷ್ಟೇ. ಕೋಣೆಯ ಕಸ ಗುಡಿಸುವ, ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುವ, ತಟ್ಟೆ ತೊಳೆಯುವ ಕೆಲಸಗಳು ಗಂಡು ಹೆಣ್ಣೆಂಬ ಭೇದವಿಲ್ಲದೆ ಸರದಿಯ ಪ್ರಕಾರ ನಡೆಯುತ್ತವೆ. ಹುಡುಗರು ತಟ್ಟೆ ತೊಳೆಯುವುದನ್ನು ಕಂಡು ಆರಂಭದಲ್ಲಿ ಒಂದಿಬ್ಬರು ಪೋಷಕರು ಹುಬ್ಬೇರಿಸಿದ್ದುಂಟು.

ವಾರಕ್ಕೊಮ್ಮೆ, ಯಾರಿಂದ ಏನು ಉಪಕಾರವಾಯಿತು ಎಂಬುದನ್ನು ಮಕ್ಕಳು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆಯುತ್ತಾರೆ. “ಅಮ್ಮ ಹಣ್ಣು ಬಿಡಿಸಲು ಹೋಗುವ ಮುಂಚೆ ನನಗೆ ರೊಟ್ಟಿ ಸುಟ್ಟಿಟ್ಟಿದ್ದಳು, ಅವಳು ತಿಂದು ಹೋದಳೋ ಇಲ್ಲವೋ ನಾನು ಕೇಳಲಿಲ್ಲ” ಎಂದು ಎಂಟನೆಯ ತರಗತಿಯ ಮಗುವೊಂದು ಬರೆದದ್ದನ್ನು ಓದಿದ ಮೇಲೆ, ಈ ವಿಷಯದಲ್ಲಿ ನಾವು ಮಕ್ಕಳಿಗೆ ಉಪನ್ಯಾಸ ಕೊಡುವುದನ್ನು ನಿಲ್ಲಿಸಿದೆವು.

ಇನ್ನು ಖರ್ಚಿನ ಮಾತು. ಸಂಜೆಯ ಉಪಾಹಾರಕ್ಕೆ ಮಗುವಿಗೆ 15 ರೂಪಾಯಿಯಂತೆ ದಿನಕ್ಕೆ 600 ರೂಪಾಯಿ ಬೇಕು. ಅದಕ್ಕಿಂತ ದೊಡ್ಡ ಖರ್ಚು ವಾಹನದ್ದು. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಕಾಡಾನೆಗಳ ಓಡಾಟ ಹೇಗಿದೆ ಎಂಬುದನ್ನು ತಾವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ನಡೆಸಿ ಕಳುಹಿಸುವ ಮಾತೇ ಇಲ್ಲ. ಆದ್ದರಿಂದ ಎರಡು ಜೀಪುಗಳನ್ನು ಗೊತ್ತುಮಾಡಿ ಪ್ರತಿಯೊಬ್ಬರನ್ನೂ ಮನೆಯ ಬಾಗಿಲಿಗೆ ಬಿಡಿಸುತ್ತೇವೆ. ದಿನಕ್ಕೆ 1,200 ರೂಪಾಯಿ ಬಾಡಿಗೆ. ಆ ಭಾಗದಲ್ಲಿ ಆನೆಗಳಿವೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದ ದಿನ ಸಂಜೆಯ ಓದು ರದ್ದು. ಅದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಇವಲ್ಲದೆ ಕರೆಂಟು ಇಲ್ಲದ ದಿನಗಳಿಗಾಗಿ ಬ್ಯಾಟರಿ ಸಹಿತ ಇನ್ವರ್ಟರ್ ಒಂದನ್ನು ಕೂರಿಸಲು 45,000 ರೂಪಾಯಿ ಆಗಬಹುದೆಂದು ಅಂದಾಜು ಮಾಡಿಸಿದ್ದೇವೆ.

ಒಂದು ಸಂಜೆಯ ಪೂರ್ತಿ ಖರ್ಚಾದ 1,800 ರೂಪಾಯಿಯನ್ನು ತಾವು ವಹಿಸಿಕೊಳ್ಳಬಹುದು. ಮನೆಯಲ್ಲಿ ಹುಟ್ಟುಹಬ್ಬವೋ ಹಿರಿಯರ ತಿಥಿಯೋ ಇದ್ದರೆ ಆ ದಿನವನ್ನೇ ಗುರುತಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಮೊತ್ತವನ್ನೂ ಅಷ್ಟೇ ಆದರದಿಂದ ಸ್ವೀಕರಿಸಿ ರಸೀದಿ ಕೊಡುತ್ತೇವೆ. ನಗದಾಗಿ ಕೊಡುವ ದೇಣಿಗೆ 2,000 ರೂಪಾಯಿ ಮೀರಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುವುದಿಲ್ಲವಾದ್ದರಿಂದ, ಹೆಚ್ಚಿನ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕಳುಹಿಸಬೇಕೆಂದು ಕೋರುತ್ತೇವೆ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಶಾಲೆಯ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಪದಾಧಿಕಾರಿಗಳ ಪ್ರಯಾಣದ ಖರ್ಚು ಅದರಲ್ಲಿ ಸೇರುವುದಿಲ್ಲ.

ಹಣದ ರೂಪದಲ್ಲಿ ಕೊಡಲಾಗದವರು ಒಂದು ಶನಿವಾರ ಬಂದು ಮಕ್ಕಳ ಜೊತೆ ಕುಳಿತರೂ ನಮಗೆ ಅಷ್ಟೇ ಸಂತೋಷ. ಇಂಗ್ಲಿಷ್ ಮತ್ತು ವಿಜ್ಞಾನಕ್ಕೆ ಹೇಳಿಕೊಡುವವರು ಸದ್ಯಕ್ಕೆ ಕಡಿಮೆ ಇದ್ದಾರೆ. ಮಳೆಗಾಲ ಹಿಡಿಯುವ ಮುನ್ನ ಇನ್ವರ್ಟರ್ ಕೂರಿಸಬೇಕಾಗಿರುವುದರಿಂದ, ಆ ಬಾಬ್ತಿನ ದೇಣಿಗೆಯನ್ನು ಮೇ ತಿಂಗಳ ಕೊನೆಯೊಳಗೆ ತಲುಪಿಸಬೇಕೆಂದು ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಪದಾಧಿಕಾರಿಗಳು,
ಹಳೆಯ ವಿದ್ಯಾರ್ಥಿಗಳ ಟ್ರಸ್ಟ್, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ