ಅದು ಗ್ರಾಮಫೋನ್ ತಟ್ಟೆ ಅಲ್ಲ ಸ್ವಾಮಿ!

ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮೊನ್ನೆ ನಡೆದ ಹಳೆ ವಸ್ತುಗಳ ಪ್ರದರ್ಶನದ ಸುದ್ದಿ ನಿಮ್ಮಲ್ಲಿ ಫೋಟೊ ಸಮೇತ ಬಂದಿದೆ. ‘ಗ್ರಾಮಫೋನ್ ನುಡಿಸಿ ಉದ್ಘಾಟಿಸಿದ ಅಧಿಕಾರಿ’ ಅಂತ. ಅವರ ಕೈಯಲ್ಲಿರುವ ಕಪ್ಪು ತಟ್ಟೆ ನನ್ನದು. ಅದು ಹಾಡುವ ತಟ್ಟೆಯೇ ಅಲ್ಲ. 1981ರಲ್ಲಿ ಆರ್‌ಸಿಎ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟ ಸಿಇಡಿ ವಿಡಿಯೊ ಡಿಸ್ಕ್, ಅಂದರೆ ಟಿವಿಯಲ್ಲಿ ಚಿತ್ರ ತೋರಿಸುವ ತಟ್ಟೆ. ಇಂಡಿಯಾನಾದಲ್ಲಿದ್ದ ನಮ್ಮ ಭಾವ ಊರಿಗೆ ವಾಪಸ್ ಬರುವಾಗ ಸೀರೆಗಳ ನಡುವೆ ಇಟ್ಟು ತಂದಿದ್ದರು.

ಬರಿಗೈಯಲ್ಲಿ ಮುಟ್ಟಬಾರದು ಅಂತಲೇ ಅದಕ್ಕೆ ಪ್ಲಾಸ್ಟಿಕ್ ಕವಚ ಇರುವುದು. ಕವಚದ ಸಮೇತ ಪ್ಲೇಯರ್‌ಗೆ ತೂರಿಸಿ, ಖಾಲಿ ಕವಚ ಎಳೆದುಕೊಳ್ಳಬೇಕು. ‘ಮುಟ್ಟಬೇಡಿ’ ಅಂತ ಕನ್ನಡದಲ್ಲೇ ಚೀಟಿ ಅಂಟಿಸಿದ್ದೆ. ಸಾಹೇಬರು ಕವಚವನ್ನೇ ಚಾಕು ಹಾಕಿ ಮೀಟಿ ತೆರೆದರು. ಕೇಸರಿಬಾತ್ ತಿಂದ ಕೈಯಲ್ಲೇ ಡಿಸ್ಕ್ ಎತ್ತಿ, ಪಕ್ಕದ ಗ್ರಾಮಫೋನಿನ ಮೇಲಿಟ್ಟು, ಉಕ್ಕಿನ ಮುಳ್ಳು ಒತ್ತಿದರು. ಕರ್ರ್ ಅಂತು. ಜನ ಚಪ್ಪಾಳೆ ತಟ್ಟಿದರು!

ಗ್ರಾಮಫೋನಿನಲ್ಲಿ ಗ್ರೂವ್, ಅಂದರೆ ತಟ್ಟೆಯ ಮೇಲೆ ಕೊರೆದ ಸಣ್ಣ ಗೀರು, ಓಲಾಡಿದ ಹಾಗೆ ಮುಳ್ಳೂ ಅಲುಗಾಡುತ್ತದೆ, ಅದೇ ಸದ್ದು. ಇದರಲ್ಲಿ ಹಾಗಲ್ಲ. ಗ್ರೂವ್‌ನ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ತಗ್ಗುಗಳಿರುತ್ತವೆ. ವಜ್ರದ ಮುಳ್ಳು ಉಬ್ಬುಗಳ ನೆತ್ತಿಯ ಮೇಲೆ ಜಾರಿಕೊಂಡು ಹೋಗುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಮುಳ್ಳಿನ ಬೆನ್ನಿಗೆ ಲೋಹದ ತೆಳು ಪದರ. ಡಿಸ್ಕಿನ ಪಿವಿಸಿ ಪ್ಲಾಸ್ಟಿಕ್‌ಗೆ ಕಾರ್ಬನ್ ಪುಡಿ ಬೆರೆಸಿರುತ್ತಾರೆ, ವಿದ್ಯುತ್ ಹರಿಯಲಿ ಅಂತ. ಉಬ್ಬು ತಗ್ಗು ಸಾಗಿದ ಹಾಗೆ ಲೋಹದ ಪದರಕ್ಕೂ ಡಿಸ್ಕಿಗೂ ನಡುವಿನ ಅಂತರ ಹೆಚ್ಚು ಕಡಿಮೆಯಾಗಿ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಬದಲಾಗುತ್ತದೆ. ಚಿತ್ರ, ಧ್ವನಿ ಎರಡೂ ಅದರಿಂದಲೇ. ಇಂಚಿಗೆ ಸುಮಾರು 9,500 ಗ್ರೂವ್! ನಿಮಿಷಕ್ಕೆ 450 ಸುತ್ತು, ಒಂದೊಂದು ಸುತ್ತಿಗೆ 4 ಫ್ರೇಮ್ ಚಿತ್ರ. ಧೂಳು ಬಿದ್ದರೇ ಚಿತ್ರ ಎಗರುತ್ತದೆ, ಇನ್ನು ತುಪ್ಪ, ಉಕ್ಕಿನ ಮುಳ್ಳು ಬಿದ್ದರೆ? ಸಸಿಮಡಿಗೆ ರೋಡ್ ರೋಲರ್ ಬಿಟ್ಟ ಹಾಗೆ.

“ಬೇಜಾರ್ ಮಾಡ್ಕೋಬೇಡಿ ಸಾರ್, ಎಸ್‌ಪಿ ರೋಡಲ್ಲಿ ಇನ್ನೊಂದು ಸಿಗುತ್ತೆ” ಅಂದರು ಅವರ ಸಹಾಯಕರು. ಆರ್‌ಸಿಎ 1984ರಲ್ಲೇ ಪ್ಲೇಯರ್ ತಯಾರಿಕೆ ಕೈಬಿಟ್ಟಿತು, ಕೋಟಿಗಟ್ಟಲೆ ಡಾಲರ್ ಕಳೆದುಕೊಂಡು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಮಾತ್ರ ಈ ವಿಷಯ ಗೊತ್ತಾಗಿಲ್ಲ ಅಂತ ಕಾಣುತ್ತದೆ.

ಪ್ಲೇಯರ್ ಅಮೆರಿಕದ್ದು. ಅದಕ್ಕೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಅದನ್ನು ಹೊತ್ತು ನನ್ನ ಸೊಂಟ ಹಿಡಿದಿದೆ. ಆಟೊಗೆ ಕೊಟ್ಟ ದುಡ್ಡೂ ನನ್ನದೇ. ಅಷ್ಟು ಮಾಡಿ ಅವತ್ತು ಭವನದಲ್ಲಿ ಕರೆಂಟೇ ಇರಲಿಲ್ಲ! ಇದ್ದಿದ್ದರೆ ಪ್ಲೇಯರ್ ನಾನೇ ಹಾಕಿ ತೋರಿಸುತ್ತಿದ್ದೆ, ಯಾರೂ ಗ್ರಾಮಫೋನ್ ಹತ್ತಿರ ಹೋಗುತ್ತಿರಲಿಲ್ಲ.

ಇದೇ ಸಾಹೇಬರು ನಮ್ಮ ಕ್ರಾಸಿನ ಚರಂಡಿಗೆ ಸ್ಲ್ಯಾಬ್ ಹಾಕಿಸುತ್ತೇವೆ ಅಂತ ಹೇಳಿ 2 ಮಳೆಗಾಲ ಕಳೆಯಿತು. ಅಲ್ಲಿಗೆ ಬಂದು ಮುಟ್ಟಿ ನೋಡಿ ಅಂದರೆ ಬರುವುದಿಲ್ಲ. ಮುಟ್ಟಬೇಡಿ ಅಂದಿದ್ದನ್ನು ಮಾತ್ರ ಮುಟ್ಟುತ್ತಾರೆ. ಬೀದಿದೀಪದ ಅರ್ಜಿಯೂ ಅಲ್ಲೇ ಕೂತಿದೆ.

ಇಂಥವರಿಗೆ ಯಾರಾದರೂ ಬುದ್ಧಿ ಹೇಳಬೇಕು. ಇಲ್ಲವೇ ಪ್ರದರ್ಶನಕ್ಕೆ ಕರೆಯುವುದನ್ನೇ ನಿಲ್ಲಿಸಬೇಕು. ಸ್ಲ್ಯಾಬ್ ಹಾಕಿಸಿದರೂ ಆದೀತು. ನೀವೂ ಅಷ್ಟೇ, ಫೋಟೊ ಕೆಳಗೆ ಬರೆಯುವ ಮೊದಲು ಒಂದು ಮಾತು ಕೇಳಬಾರದಿತ್ತಾ?

– ನೊಂದ ಓದುಗ, ಬೆಂಗಳೂರು