ಎಕ್ಸ್‌ಚೇಂಜ್‌ಗೆ ಮುನ್ನ ನಿಮ್ಮ ಸಹಿ: ನಮ್ಮ ಕಚೇರಿಯ ಹೊಸ ಕ್ರಮ

ಆತ್ಮೀಯ ಗ್ರಾಹಕರೆ,

ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಮತ್ತು ಮಾರುವ ನಿಮ್ಮ ಕಾಗದಪತ್ರಗಳನ್ನು ನಾವು ನಿರ್ವಹಿಸುವ ಕ್ರಮ ಬರುವ ತಿಂಗಳ ಮೊದಲ ತಾರೀಖಿನಿಂದ ಬದಲಾಗಲಿದೆ. ಇದುವರೆಗೆ ಕರಾರು ಪತ್ರವನ್ನು ಉಳಿದ ಕಾಗದಗಳ ಜೊತೆಗೇ ಕಳುಹಿಸಿ, ಮುಂಚಿತವಾಗಿ ಸಹಿ ಪಡೆದು ಇಟ್ಟುಕೊಳ್ಳುತ್ತಿದ್ದೆವು. ಇನ್ನು ಮುಂದೆ ಹಣದ ಮೂಲದ ದಾಖಲೆಗಳು ಎಲ್ಲಕ್ಕಿಂತ ಮೊದಲು ಬರಬೇಕು. ಆಸ್ತಿಯ ಪರಿಶೀಲನೆ ಮುಗಿದ ಮೇಲೆ ನಮ್ಮ ವರದಿಯನ್ನು ನಿಮ್ಮೊಂದಿಗೆ ಕುಳಿತು, ಅಥವಾ ವಿಡಿಯೊ ಕರೆಯಲ್ಲಿ, ಕನ್ನಡದಲ್ಲೇ ಓದಿ ವಿವರಿಸುತ್ತೇವೆ. ಸಹಿ ಅದಾದ ಮೇಲೆ. ಎಕ್ಸ್‌ಚೇಂಜ್‌ನ, ಅಂದರೆ ಕರಾರು ಜಾರಿಗೆ ಬಂದು ಎರಡೂ ಕಡೆಯವರು ಅದಕ್ಕೆ ಬದ್ಧರಾಗುವ ದಿನ ನಿಮ್ಮಿಂದ ಮತ್ತೊಮ್ಮೆ ಲಿಖಿತ ಒಪ್ಪಿಗೆ ಪಡೆಯದೆ ನಾವು ಎದುರು ಪಕ್ಷದ ಸಾಲಿಸಿಟರ್‌ಗೆ (ವಕೀಲರಿಗೆ) ಫೋನ್ ಮಾಡುವುದಿಲ್ಲ.

ಕರ್ನಾಟಕದಲ್ಲಿ ನಿವೇಶನವನ್ನೋ ಮನೆಯನ್ನೋ ಕೊಂಡ ಅನುಭವ ನಿಮ್ಮಲ್ಲಿ ಹಲವರಿಗಿದೆ. ಅಲ್ಲಿ ಮುಂಗಡ ಕೊಟ್ಟು ಕರಾರು ಬರೆಸುವಾಗ ಎರಡೂ ಕಡೆಯವರು ಎದುರುಬದುರು ಕುಳಿತು ಸಾಕ್ಷಿಗಳ ಮುಂದೆ ಸಹಿ ಹಾಕುತ್ತಾರೆ. ಮುಂದೆ ಕ್ರಯಪತ್ರಕ್ಕಾಗಿ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಹೆಬ್ಬೆಟ್ಟು, ಫೋಟೊ ಎಲ್ಲವನ್ನೂ ಕೊಟ್ಟು ಬರುತ್ತಾರೆ. ಯಾವ ಹೊತ್ತಿನಲ್ಲಿ ಮಾತಿಗೆ ಕಟ್ಟುಬಿದ್ದೆವು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಇಲ್ಲಿ ಆ ಗಳಿಗೆ ಕಣ್ಣಿಗೇ ಬೀಳುವುದಿಲ್ಲ. ಕೊಳ್ಳುವವರು ಒಂದು ಪ್ರತಿಗೆ, ಮಾರುವವರು ಅದೇ ಒಕ್ಕಣೆಯ ಇನ್ನೊಂದು ಪ್ರತಿಗೆ ತಂತಮ್ಮ ಮನೆಯಲ್ಲೇ ಸಹಿ ಹಾಕಿ ತಂತಮ್ಮ ಸಾಲಿಸಿಟರ್‌ಗೆ ಒಪ್ಪಿಸುತ್ತಾರೆ. ಈ ಸಹಿಗೆ ಸಾಕ್ಷಿಯೂ ಬೇಕಿಲ್ಲ. ಆಮೇಲೆ ಒಂದು ದಿನ ಇಬ್ಬರು ಸಾಲಿಸಿಟರ್‌ಗಳು ಫೋನಿನಲ್ಲಿ ಮಾತನಾಡಿ, ಎರಡೂ ಪ್ರತಿಗಳು ಒಂದೇ ಎಂದು ಖಚಿತಪಡಿಸಿಕೊಂಡು, ಹಣ ಸಂದಾಯದ ದಿನಾಂಕವನ್ನು ತುಂಬಿ, ಕರೆಯ ಸಮಯವನ್ನು ಬರೆದಿಟ್ಟುಕೊಳ್ಳುತ್ತಾರೆ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಇದಕ್ಕಾಗಿ ಎ, ಬಿ, ಸಿ ಎಂಬ ಮೂರು ವಿಧಿಗಳನ್ನು ರೂಪಿಸಿದೆ. ಇಬ್ಬರೂ ತಮ್ಮ ಕಕ್ಷಿದಾರರ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಮಾಡುವುದು ಬಿ. ಒಂದರ ಮಾರಾಟ ಇನ್ನೊಂದರ ಮೇಲೆ ನಿಂತಿರುವ ಮನೆಗಳ ಸರಪಳಿ ಇದ್ದಾಗ ಬಳಸುವುದು ಸಿ. ಕರಾರು ಜಾರಿಗೆ ಬರುವುದು ಆ ಫೋನ್ ಮಾತಿನಲ್ಲೇ. ಪ್ರತಿಗಳು ಅಂಚೆಯಲ್ಲಿ ಹೋಗುವುದು ಬಳಿಕದ ಮಾತು.

ಆ ಕರೆಗೆ ಮುಂಚೆ ನೀವು ಯಾವುದಕ್ಕೂ ಬದ್ಧರಲ್ಲ. ಎಸ್ಟೇಟ್ ಏಜೆಂಟ್ ನಿಮ್ಮ ಬೆಲೆ ಒಪ್ಪಿಗೆಯಾಯಿತು ಎಂದು ಅಭಿನಂದಿಸಿದರೂ ಸರಿ, ನೀವು ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೇಗೆ ಹಣ ಕಟ್ಟಿದ್ದರೂ ಸರಿ, ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮಾರುವವರು ಹೆಚ್ಚು ಬೆಲೆ ಕೊಡುವವರ ಕಡೆಗೆ ಹೊರಳಿದರೆ ತಡೆಯುವ ಕಾನೂನಿಲ್ಲ. ಭೂಮಿ, ಮನೆಗಳ ಮಾರಾಟದ ಕರಾರು ಲಿಖಿತವಾಗಿರಬೇಕು, ಎಲ್ಲ ಷರತ್ತುಗಳನ್ನು ಒಳಗೊಂಡಿರಬೇಕು, ಸಹಿಯಾಗಿರಬೇಕು ಎಂದು 1989ರ ಕಾಯ್ದೆ ಹೇಳುತ್ತದೆ. ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ.

ಕರೆ ಮುಗಿದ ಮೇಲೆ ಸ್ಥಿತಿ ಪೂರ್ತಿ ಬೇರೆ. 4,00,000 ಪೌಂಡ್‌ಗಳ ಮನೆಯಾದರೆ ಸಾಮಾನ್ಯವಾಗಿ ಶೇ 10ರಷ್ಟು, ಅಂದರೆ 40,000 ಪೌಂಡ್ ಠೇವಣಿ ಆ ಹೊತ್ತಿಗೆ ಸಲ್ಲಬೇಕು. ನಿಗದಿತ ದಿನ ಉಳಿದ ಹಣ ತರದಿದ್ದರೆ, 10 ಕೆಲಸದ ದಿನಗಳ ನೋಟಿಸಿನ ಗಡುವು ಮುಗಿದ ಬಳಿಕ ಮಾರಾಟಗಾರರು ಕರಾರನ್ನು ರದ್ದುಮಾಡಿ ಆ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಠೇವಣಿಯನ್ನು ಶೇ 5ಕ್ಕೆ ಇಳಿಸಲು ಒಪ್ಪಿಸಿದ್ದೇವೆ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಸಾಮಾನ್ಯವಾಗಿ ಬಳಸುವ ಷರತ್ತುಗಳ ಪ್ರಕಾರ, ನೋಟಿಸ್ ಬಂದರೆ ಬಾಕಿ ಶೇ 5ನ್ನೂ ಕಟ್ಟಬೇಕಾಗುತ್ತದೆ. ಮನೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಆಗುವ ನಷ್ಟದ ಹೊಣೆಯೂ ಅದೇ ಷರತ್ತುಗಳಂತೆ ಎಕ್ಸ್‌ಚೇಂಜ್‌ನಿಂದಲೇ ಕೊಳ್ಳುವವರದು. ಕೀಲಿಕೈ ಇನ್ನೂ ಕೈಗೆ ಬಂದಿರುವುದಿಲ್ಲ, ವಿಮೆ ಮಾತ್ರ ಅಂದೇ ಆರಂಭವಾಗಿರಬೇಕು. ಇಷ್ಟು ಭಾರದ ಹೆಜ್ಜೆಯನ್ನು ವಾರಗಳ ಹಿಂದೆ ಅವಸರದಲ್ಲಿ ಹಾಕಿದ ಸಹಿಯ ಮೇಲೆ ನಿಲ್ಲಿಸಬಾರದು ಎಂಬುದು ನಮ್ಮ ನಿಲುವು.

ಹಣದ ದಾಖಲೆಗಳು ಮೊದಲೇ ಬೇಕು ಎಂದಾಗ ಕೆಲವರಿಗೆ ಬೇಸರವಾಗುತ್ತದೆ, ತಮ್ಮನ್ನು ಅನುಮಾನಿಸುತ್ತಿದ್ದಾರೆ ಎನ್ನಿಸುತ್ತದೆ. 2017ರ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳ ಅಡಿಯಲ್ಲಿ ಈ ಪರಿಶೀಲನೆ ನಮ್ಮ ಹೊಣೆ, ಅದರಿಂದ ಯಾರಿಗೂ ವಿನಾಯಿತಿ ಕೊಡುವಂತಿಲ್ಲ. ನಮ್ಮ ಕುಟುಂಬಗಳ ಹಣ ಬರುವ ದಾರಿ ಸಾಮಾನ್ಯವಾಗಿ ಉದ್ದ. ತಂದೆ ಊರಿನಲ್ಲಿ ಜಾಗ ಮಾರಿರುತ್ತಾರೆ, ಸ್ವಲ್ಪ ಅಕ್ಕನ ಖಾತೆಯಿಂದ, ಸ್ವಲ್ಪ ಮಾವನ ಖಾತೆಯಿಂದ ಬಂದಿರುತ್ತದೆ. ಹಾಗಿದ್ದರೆ ಮಾರಾಟದ ಕ್ರಯಪತ್ರ, ಹಣ ಹಾದುಬಂದ ಪ್ರತಿಯೊಂದು ಖಾತೆಯ ಬ್ಯಾಂಕ್ ವಿವರ, ಕೊಟ್ಟವರ ಗುರುತಿನ ಚೀಟಿ, ಜೊತೆಗೆ ‘ಇದು ಉಡುಗೊರೆ, ವಾಪಸು ಕೇಳುವುದಿಲ್ಲ, ಮನೆಯಲ್ಲಿ ಪಾಲು ಬಯಸುವುದಿಲ್ಲ’ ಎಂಬ ಪತ್ರ ಬೇಕು. ಭಾರತದಲ್ಲಿ ನೆಲೆಸಿರುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್‌ವರೆಗೆ ಮಾತ್ರ ಕಳುಹಿಸಬಹುದು. ಆದ್ದರಿಂದ ಮಾರ್ಚ್ ಕೊನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಗೃಹಸಾಲ ಇದ್ದರೆ ನಾವು ಸಾಮಾನ್ಯವಾಗಿ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತೇವೆ. ಉಡುಗೊರೆ ಹಣದ ವಿಷಯವನ್ನು ಅವರಿಗೂ ತಿಳಿಸಲೇಬೇಕು. ಇದೆಲ್ಲ ಎಕ್ಸ್‌ಚೇಂಜ್‌ನ ಹಿಂದಿನ ವಾರ ಹೊರಬಂದರೆ ಇಡೀ ಸರಪಳಿ ಕಾಯುತ್ತದೆ, ಮಾರುವವರ ತಾಳ್ಮೆ ಕೆಡುತ್ತದೆ.

ಮೊದಲ ದಿನವೇ ಕೇಳುವ ಇನ್ನೊಂದು ಪ್ರಶ್ನೆ: ಪ್ರಪಂಚದಲ್ಲಿ ಎಲ್ಲಾದರೂ ನಿಮಗೆ, ಅಥವಾ ನಿಮ್ಮ ಪತಿಗೆ, ಪತ್ನಿಗೆ ಮನೆಯಿದೆಯೇ? ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರಿನಲ್ಲಿ ನಿಮ್ಮ ಹೆಸರಿನ ಒಂದು ಫ್ಲ್ಯಾಟ್ ಇದ್ದರೂ ಇಲ್ಲಿನ ಕಾನೂನಿನ ಕಣ್ಣಿನಲ್ಲಿ ನೀವು ಮೊದಲ ಬಾರಿ ಮನೆ ಕೊಳ್ಳುವವರಲ್ಲ. ಅದರಲ್ಲಿ ನಿಮ್ಮ ಪಾಲು 40,000 ಪೌಂಡ್ ಅಥವಾ ಅದಕ್ಕೂ ಹೆಚ್ಚು ಬಾಳುವಂತಿದ್ದರೆ, ಮನೆ ಕೊಳ್ಳುವಾಗ ಕಟ್ಟುವ ತೆರಿಗೆಯ (ಸ್ಟ್ಯಾಂಪ್ ಡ್ಯೂಟಿ) ಜೊತೆಗೆ ಹೆಚ್ಚುವರಿ ಮನೆಗೆ ಹಾಕುವ ಶೇ 5ರ ಮೇಲ್ತೆರಿಗೆಯೂ ಸಾಮಾನ್ಯವಾಗಿ ಬೀಳುತ್ತದೆ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ, 4,00,000 ಪೌಂಡ್‌ಗಳ ಮನೆಗೆ ಮೊದಲ ಬಾರಿ ಕೊಳ್ಳುವವರು ಕಟ್ಟುವ ತೆರಿಗೆ 5,000 ಪೌಂಡ್. ಮೇಲ್ತೆರಿಗೆ ಬಿದ್ದವರು ಕಟ್ಟಬೇಕಾದದ್ದು 30,000. ವಾಸದ ಮನೆಯನ್ನು ಮಾರಿ ಅದರ ಬದಲಿಗೆ ಕೊಳ್ಳುವವರಿಗೆ, ಪಿತ್ರಾರ್ಜಿತವಾಗಿ ಪಾಲು ಬಂದವರಿಗೆ ಬೇರೆ ನಿಯಮಗಳಿವೆ. ಹೇಳಿದರೆ ತಾನೇ ಲೆಕ್ಕ ಹಾಕಲು ಸಾಧ್ಯ? ಕಂಪ್ಲೀಷನ್, ಅಂದರೆ ಉಳಿದ ಹಣ ಸಂದು ಮನೆ ಕೈಸೇರುವುದು, ಆದ 14 ದಿನಗಳೊಳಗೆ ಲೆಕ್ಕಪತ್ರ ಸಲ್ಲಿಸಿ ತೆರಿಗೆ ಕಟ್ಟಬೇಕು. ಆಗ ಹಣ ಹೊಂದಿಸಲು ಓಡಾಡುವ ಸ್ಥಿತಿ ಬರಬಾರದು.

ಮಾರುವವರಿಗೆ ಬದಲಾವಣೆ ಕಡಿಮೆ. ಆಸ್ತಿಯ ಮಾಹಿತಿಯ ಟಿಎ6 ಮತ್ತು ಮನೆಯಲ್ಲಿ ಬಿಟ್ಟುಹೋಗುವ ವಸ್ತುಗಳ ಟಿಎ10 ನಮೂನೆಗಳನ್ನು ಮನೆಯನ್ನು ಮಾರಾಟಕ್ಕಿಟ್ಟಾಗಲೇ ತುಂಬಿ ಕೊಡಿ. ನೆರೆಮನೆಯವರೊಂದಿಗೆ ಬೇಲಿಯ ತಕರಾರಿದ್ದರೆ ಮರೆಮಾಚದೆ ಬರೆಯಿರಿ. ಅಲ್ಲಿನ ತಪ್ಪು ಉತ್ತರ ಮುಂದೆ ಪರಿಹಾರದ ದಾವೆಯಾಗಿ ಬರಬಹುದು. ಒಡೆತನ ವರ್ಗಾಯಿಸುವ ಟಿಆರ್1 ಪತ್ರಕ್ಕೆ ಮಾತ್ರ ಸಾಕ್ಷಿ ಬೇಕು, ಅವರು ನಿಮ್ಮ ಎದುರಿಗೇ ಇರಬೇಕು. ಕುಟುಂಬದವರನ್ನು ಬಿಟ್ಟು ಸ್ನೇಹಿತರನ್ನೋ ಸಹೋದ್ಯೋಗಿಯನ್ನೋ ಕರೆಯಿರಿ. ಆ ಹೊತ್ತಿಗೆ ಊರಿಗೆ ಹೋಗುವವರಿದ್ದರೆ ಟಿಕೆಟ್ ಕಾಯ್ದಿರಿಸುವ ಮುಂಚೆ ನಮಗೆ ತಿಳಿಸಿ, ಮುಕ್ತಿಯಾರು ಪತ್ರ ಸಿದ್ಧಪಡಿಸಲು ಸಮಯ ಬೇಕಾಗುತ್ತದೆ.

‘ಈ ಶುಕ್ರವಾರವೇ ಎಕ್ಸ್‌ಚೇಂಜ್ ಆಗದಿದ್ದರೆ ಮನೆ ಕೈತಪ್ಪುತ್ತದೆ’ ಎಂದು ಏಜೆಂಟ್ ಹೇಳಿದರೆ ಹೆದರದೆ ನಮಗೆ ಕರೆ ಮಾಡಿ. ಅವರ ಕಮಿಷನ್ ಕೊಡುವವರು ಮಾರುವವರು. ಎದುರು ಪಕ್ಷದ ಸಾಲಿಸಿಟರ್ ಎಷ್ಟೇ ಸೌಜನ್ಯದವರಾದರೂ ಅವರ ಕರ್ತವ್ಯ ಅವರ ಕಕ್ಷಿದಾರರ ಕಡೆಗೆ. ನಿಮ್ಮ ಪರವಾಗಿ ಕಾಗದ ಓದುವ ಕೆಲಸ ನಮ್ಮದು, ‘ಆಗಲಿ’ ಎನ್ನುವ ಅಧಿಕಾರ ನಿಮ್ಮದು.

ಈಗಾಗಲೇ ಕರಾರಿಗೆ ಸಹಿ ಹಾಕಿ ಕೊಟ್ಟಿರುವವರು ಮತ್ತೆ ಸಹಿ ಮಾಡಬೇಕಿಲ್ಲ, ಆದರೆ ವರದಿಯ ಮಾತುಕತೆ ಮತ್ತು ಅಂದಿನ ಒಪ್ಪಿಗೆ ನಿಮಗೂ ಅನ್ವಯಿಸುತ್ತದೆ. ನಮ್ಮ ಶುಲ್ಕ ಹೆಚ್ಚುವುದಿಲ್ಲ. ಮಾತುಕತೆಯನ್ನು ಸಂಜೆ ಅಥವಾ ಶನಿವಾರ ಇಟ್ಟುಕೊಳ್ಳಬಹುದು, ಹಣ ಕೊಡುತ್ತಿರುವ ತಂದೆತಾಯಿ ಊರಿನಿಂದಲೇ ಕರೆಯಲ್ಲಿ ಸೇರಬಹುದು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂದು ನಾವು ಇಮೇಲ್‌ನಲ್ಲಿ ಎಂದಿಗೂ ತಿಳಿಸುವುದಿಲ್ಲ. ಅಂಥ ಸಂದೇಶ ಬಂದರೆ ಹಣ ಕಳುಹಿಸದೆ, ನಿಮ್ಮ ಮೊದಲ ಪತ್ರದಲ್ಲಿರುವ ನಮ್ಮ ಸಂಖ್ಯೆಗೆ ಕರೆ ಮಾಡಿ.

ಇತಿ ನಿಮ್ಮ ವಿಶ್ವಾಸಿಗಳು,
ಮನೆ ವ್ಯವಹಾರ ವಿಭಾಗ